ಜೋರಾಗಿ ಕೂಗುವವರಿಗೆ ಮೊದಲು ಕೊಡಬೇಡಿ

(ಕೋಲಾರದಲ್ಲಿ, ಮನೆಯಲ್ಲಿ ದೀರ್ಘ ಕಾಯಿಲೆ ಇರುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ದಯವಿಟ್ಟು ಮುಂದೆ ಬಂದು ಕೂತುಕೊಳ್ಳಿ. ಕುರ್ಚಿ ಖಾಲಿ ಇವೆ. ಸಾಲದ ವಿಷಯ ಅಂದ ಕೂಡಲೇ ಎಲ್ಲರೂ ಹಿಂದಿನ ಸಾಲು ಹುಡುಕುತ್ತಾರೆ, ನನಗೆ ಗೊತ್ತು.

ಮೊದಲೇ ಹೇಳಿಬಿಡುತ್ತೇನೆ. ಸಾಲ ಮನ್ನಾ ಮಾಡಿಸುವ ದಾರಿ ನನ್ನ ಹತ್ತಿರ ಇಲ್ಲ. ಹಾಗೆ ಮಾಡಿಸಿಕೊಡುತ್ತೇನೆ ಅಂತ ನಿಮ್ಮ ಹತ್ತಿರ ಐನೂರು, ಸಾವಿರ ಕೇಳುವವರು ಊರೂರಲ್ಲಿ ಇದ್ದಾರೆ. 2019ರಲ್ಲಿ ಬಂದ ಋಣ ಪರಿಹಾರ ಕಾಯ್ದೆಯ ಹೆಸರು ಹೇಳಿಕೊಂಡು ಈಗಲೂ ಅರ್ಜಿ ತುಂಬಿಸುತ್ತಾರೆ. ಅದರಲ್ಲಿ ಅರ್ಜಿ ಹಾಕಲು ಕೊಟ್ಟಿದ್ದೇ 90 ದಿನ. ಅದು ಆಗಲೇ ಮುಗಿದುಹೋಯಿತು. ಆ ಅರ್ಜಿಗೆ ಯಾರಿಗೂ ಒಂದು ಪೈಸೆ ಕೊಡಬೇಡಿ.

ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ಇದ್ದು ನಿವೃತ್ತನಾದವನು. ಮೇಜಿನ ಆ ಕಡೆ ಕೂತು ನೋಡಿದ ಒಂದು ವಿಷಯ ಹೇಳಲು ಬಂದಿದ್ದೇನೆ. ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ಜನ ಯಾರಿಗೆ ಮೊದಲು ಕೊಡುತ್ತಾರೆ? ಜಾಸ್ತಿ ಕೂಗಾಡುವವರಿಗೆ. ಮನೆ ಮುಂದೆ ಬೈಕು ನಿಲ್ಲಿಸಿಕೊಂಡು ಕೂರುವವರಿಗೆ. ಮಾತ್ರೆ ಬಂದು ಬಾಗಿಲು ಬಡಿಯುವುದಿಲ್ಲ. ಹಾಗಾಗಿ ಮಾತ್ರೆಯ ದುಡ್ಡು ಕಂತಿಗೆ ಹೋಗುತ್ತದೆ. ಶುಗರ್ ಮಾತ್ರೆ ದಿನ ಬಿಟ್ಟು ದಿನ ಆಗುತ್ತದೆ. ಬಿಪಿ ಮಾತ್ರೆ "ತಲೆ ಸುತ್ತಿದರೆ ತಗೊಳ್ಳೋಣ" ಅನ್ನುವ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಒಂದು ದಿನ ಲಕ್ವ ಹೊಡೆಯುತ್ತದೆ, ಇಲ್ಲ ಕಿಡ್ನಿ ಕೈ ಕೊಡುತ್ತದೆ. ಆಗ ಮಾಡುವ ಸಾಲದ ಮುಂದೆ ಈ ಕಂತು ಏನೇನೂ ಅಲ್ಲ. ನಾನು ಇವತ್ತು ಹೇಳುವುದೆಲ್ಲ ಇದರ ಸುತ್ತಲೇ. ಕೊಡದೇ ಇದ್ದರೆ ಏನಾಗುತ್ತದೆ ಅಂತ ನೋಡಿ ಸಾಲುಗಟ್ಟಿಸಿ. ಯಾರು ಎಷ್ಟು ಜೋರಾಗಿ ಕೂಗುತ್ತಾರೆ ಅಂತ ನೋಡಿ ಅಲ್ಲ.

ಒಂದು ಲೆಕ್ಕ ಹಾಕೋಣ. ಇದು ಯಾರೋ ಒಬ್ಬರ ಮನೆಯದಲ್ಲ. ನಮ್ಮ ಕಡೆಯ ಎರಡು ಮೂರು ಮನೆಗಳ ಕಥೆ ಸೇರಿಸಿ ಹೇಳುತ್ತಿದ್ದೇನೆ. ಗಂಡನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಕೂಲಿ ನಿಂತಿದೆ. ಎರಡು ಸೀಮೆಹಸು ಇವೆ. ಡೇರಿಯ ಎರಡು ಬಟವಾಡೆ ಸೇರಿ ತಿಂಗಳಿಗೆ 9,000. ಮಗ ನರಸಾಪುರದ ಕಡೆ ಫ್ಯಾಕ್ಟರಿಗೆ ಹೋಗುತ್ತಾನೆ, ಮನೆಗೆ 8,000 ಕೊಡುತ್ತಾನೆ. ಗೃಹಲಕ್ಷ್ಮಿ 2,000. ಒಟ್ಟು 19,000.

ಖರ್ಚು ನೋಡಿ. ಊಟ, ಸಾಮಾನು 6,500. ಹಸುವಿಗೆ ಬೂಸಾ, ಫೀಡು 3,000. ಗ್ಯಾಸು, ಕರೆಂಟು, ಫೋನು 1,000. ಔಷಧಿ, ಇಂಜೆಕ್ಷನ್ 3,500. ಡಯಾಲಿಸಿಸ್‌ಗೆ ಹೋಗಿ ಬರಲು ಒಂದು ಸಲಕ್ಕೆ 250ರಂತೆ ಎಂಟು ಸಲಕ್ಕೆ 2,000. ಒಟ್ಟು 16,000. ಕೈಯಲ್ಲಿ ಉಳಿಯುವುದು 3,000.

ಈಗ ಕಂತು. ವಾರದ ಸಂಘ, ಅಂದರೆ ಗುಂಪಿನ ಮೇಲೆ ಕೊಟ್ಟು ವಾರ ವಾರ ಕಂತು ತಗೊಳ್ಳುವ ಮೈಕ್ರೋಫೈನಾನ್ಸ್ ಸಾಲ, ಎರಡು. ಒಂದಕ್ಕೆ 1,150, ಇನ್ನೊಂದಕ್ಕೆ 900. ನಾಲ್ಕು ವಾರಕ್ಕೆ 8,200. ಮಗನ ಬೈಕಿನ ಕಂತು 2,900. ಆಸ್ಪತ್ರೆಗೆ ಸೇರಿಸಿದ ರಾತ್ರಿ ಮಾಡಿದ ಕೈಸಾಲ 50,000, ನೂರಕ್ಕೆ ಐದು ರೂಪಾಯಿ ಬಡ್ಡಿ. ಅದಕ್ಕೆ ತಿಂಗಳಿಗೆ 2,500. ಒಟ್ಟು 13,600. ಇರುವುದು 3,000, ಕಟ್ಟಬೇಕಾದ್ದು 13,600. ಆ ಮನೆಯ ಅಕ್ಕ ಇದನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಾಗ ಅಳಲಿಲ್ಲ. "ಅಂದರೆ ನಾನು ಕಟ್ಟದೇ ಇರೋದು ಸೋಮಾರಿತನದಿಂದ ಅಲ್ಲ, ಅಲ್ವಾ ಸಾರ್?" ಅಂತ ಕೇಳಿದರು. ಅಲ್ಲಮ್ಮ, ಖಂಡಿತ ಅಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕಾಯಿಲೆ ಹಾಸಿಗೆಯ ಅಳತೆ ಕೇಳಿಕೊಂಡು ಬರುವುದಿಲ್ಲ.

ಮನೆಗೆ ಹೋಗಿ ಈ ಲೆಕ್ಕ ಬರೆಯಿರಿ. ಬರೆದದ್ದನ್ನು ಸಾಲ ಕೊಟ್ಟವರ ಮುಂದೆ ಇಡಬಹುದು, ಜಡ್ಜ್ ಮುಂದೆ ಇಡಬಹುದು. ಬಾಯಲ್ಲಿ ಹೇಳಿದ ಕಷ್ಟಕ್ಕೆ ಆ ಬೆಲೆ ಇಲ್ಲ.

ಇದರಲ್ಲಿ ಇನ್ನೊಂದು ವಿಷಯ ಇದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರುವ ಮನೆಗೆ ಅಡವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಅಂಥ ಸಾಲ ಕೊಡುವಾಗ ಆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಈ ಮನೆಯಲ್ಲಿ ಅರ್ಧ ಅಂದರೆ 9,500. ಕೈಸಾಲ ಬಿಟ್ಟರೂ ಕಂತು 11,100. ಎರಡನೇ ಸಂಘದವರು ಸಾಲ ಕೊಟ್ಟಾಗ ಆದಾಯ ಎಷ್ಟು ಅಂತ ಬರೆದುಕೊಂಡಿದ್ದರು? ಸಾಲದ ಕಾರ್ಡು, ಅರ್ಜಿಯ ಪ್ರತಿ ಕೇಳಿ ನೋಡಿ. ಇಲ್ಲದ ಆದಾಯ ಬರೆದಿರುವುದು ಎಷ್ಟೋ ಸಲ ಅಲ್ಲಿ ಸಿಗುತ್ತದೆ. ಅದರಿಂದ ಸಾಲ ರದ್ದಾಗುವುದಿಲ್ಲ. ಆದರೆ ದೂರು ಕೊಡುವಾಗ, ಕಂತು ಇಳಿಸಿ ಅಂತ ಕೇಳುವಾಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಸರಿ, ಸಾಲುಗಟ್ಟಿಸುವುದು ಹೇಗೆ? ಎಲ್ಲಕ್ಕಿಂತ ಮೊದಲು ಊಟ, ಔಷಧಿ, ಡಯಾಲಿಸಿಸ್‌ನ ಬಸ್ಸು ಆಟೋ ದುಡ್ಡು, ಹಸುವಿನ ಮೇವು. ಹಸು ಯಾಕೆ ಅಂದರೆ ಅದು ಈ ಮನೆಯ ಸಂಬಳ. ಮೇವಿಗೆ ಕತ್ತರಿ ಹಾಕಿ ಕಂತು ಕಟ್ಟಿದರೆ ಮುಂದಿನ ಬಟವಾಡೆಯಲ್ಲೇ ಹೊಡೆತ ಗೊತ್ತಾಗುತ್ತದೆ. ಆಮೇಲೆ, ಕಟ್ಟದಿದ್ದರೆ ಏನಾದರೂ ಕೈತಪ್ಪಿ ಹೋಗುವ ಸಾಲ. ಒಡವೆ ಅಡವಿಟ್ಟಿದ್ದರೆ ಹರಾಜಾಗುತ್ತದೆ. ಪೂರ್ತಿ ಬಿಡಿಸಲು ಆಗದಿದ್ದರೆ ಬಡ್ಡಿ ಕಟ್ಟಿ ರಿನ್ಯೂ ಮಾಡಲು ಆಗುತ್ತದಾ ಕೇಳಿ. ಆಗುವುದಿಲ್ಲ ಅಂದರೆ ಹರಾಜಿಗೆ ಮುಂಚೆ ಒಂದು ಒಡವೆ ಮಾರಿ ಉಳಿದದ್ದನ್ನು ಉಳಿಸಿಕೊಳ್ಳುವುದು ವಾಸಿ. ಬೈಕು ಮಗನ ಕೆಲಸಕ್ಕೆ ಬೇಕೇ ಬೇಕಾ? ಕಂಪನಿ ಬಸ್ಸು ಬರುತ್ತದೆ ಅಂದರೆ ಫೈನಾನ್ಸಿನವರ ಒಪ್ಪಿಗೆ ತಗೊಂಡು ನೀವೇ ಮಾರಿ. ಅವರು ಎಳೆದುಕೊಂಡು ಹೋಗಿ ಹರಾಜು ಹಾಕಿದರೆ ಬೆಲೆ ಕಮ್ಮಿ ಬರುತ್ತದೆ, ಬಾಕಿ ನಿಮ್ಮ ತಲೆ ಮೇಲೇ ಉಳಿಯುತ್ತದೆ.

ವಾರದ ಸಂಘದ ಸಾಲಕ್ಕೆ ಅಡವಿಲ್ಲ. ಕೋರ್ಟಿಗೆ ಹೋಗದೆ ಮನೆ ಹರಾಜು, ಜಪ್ತಿ ಮಾಡ್ತೀವಿ ಅಂತ ಹೆದರಿಸಿದರೆ ಅದು ಬರೀ ಹೆದರಿಕೆ. ಕಟ್ಟದಿದ್ದರೆ ಸಿಬಿಲ್, ಅಂದರೆ ಸಾಲ ಕಟ್ಟಿದ ದಾಖಲೆ, ಕೆಡುತ್ತದೆ, ಮುಂದೆ ಸಾಲ ಸಿಗುವುದಿಲ್ಲ. ಆದರೆ ಇಲ್ಲಿ ಇನ್ನೊಂದು ಬಿಕ್ಕಟ್ಟು ಇದೆ. ನೀವು ಕಟ್ಟದಿದ್ದರೆ ಗುಂಪಿನ ಬೇರೆ ಹೆಂಗಸರ ಮೇಲೆ ಬೀಳುತ್ತದೆ. ಅವರೂ ನಿಮ್ಮ ಹಾಗೆಯೇ ಇರುವವರು. ಹಾಗಾಗಿ ಕಂತಿನ ದಿನ ಬಾಗಿಲು ಹಾಕಿಕೊಂಡು ಹೊಲದ ಕಡೆ ಹೋಗಬೇಡಿ. ಕಂತಿನ ಮುಂಚೆಯೇ ಗುಂಪಿನವರನ್ನು ಕೂರಿಸಿಕೊಂಡು ಆ ಕ್ಯಾಲೆಂಡರ್ ಹಾಳೆ ತೋರಿಸಿ. ವಾರಕ್ಕೆ ಇನ್ನೂರೋ ಮುನ್ನೂರೋ, ನಿಜವಾಗಿ ಎಷ್ಟು ಕೊಡಲು ಆಗುತ್ತದೋ ಅದನ್ನು ಹೇಳಿ. ಆಮೇಲೆ ಎಲ್ಲರೂ ಸೇರಿ ಕಂಪನಿಯವರನ್ನು ಕೇಳಿ. ಕಷ್ಟದಲ್ಲಿರುವ ಸಾಲಗಾರರನ್ನು ಗುರುತಿಸಿ, ಮಾತಾಡಿಸಿ, ದಾರಿ ತೋರಿಸುವ ವ್ಯವಸ್ಥೆ ಇರಬೇಕು ಅಂತ ಅದೇ 2022ರ ನಿಯಮ ಹೇಳುತ್ತದೆ. ನೀವು ಕೇಳುತ್ತಿರುವುದು ಭಿಕ್ಷೆ ಅಲ್ಲ.

ಕೈಸಾಲದ ಬಡ್ಡಿ ಬಗ್ಗೆ ಒಂದು ಮಾತು. ನೂರಕ್ಕೆ ಐದು ಅಂದರೆ ಕೇಳಲು ಚಿಕ್ಕದು. ವರ್ಷಕ್ಕೆ 60 ಪರ್ಸೆಂಟ್. 50,000ಕ್ಕೆ ವರ್ಷಕ್ಕೆ 30,000 ಬರೀ ಬಡ್ಡಿ. ನಮ್ಮ ರಾಜ್ಯದಲ್ಲಿ ಲೇವಾದೇವಿಯವರು ಅಡವಿಟ್ಟ ಸಾಲಕ್ಕೆ ವರ್ಷಕ್ಕೆ 14, ಅಡವಿಲ್ಲದ್ದಕ್ಕೆ 16 ಪರ್ಸೆಂಟ್ ಮೀರಿ ತಗೊಳ್ಳುವ ಹಾಗಿಲ್ಲ. ಮೀಟರ್ ಬಡ್ಡಿಯ ವಿರುದ್ಧ 2004ರ ಕಾಯ್ದೆಯೂ ಇದೆ. ಊರಿನ ದೊಡ್ಡವರ ಮೇಲೆ ದೂರು ಕೊಟ್ಟು ಅದೇ ಊರಲ್ಲಿ ಇರುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಆದರೆ ಇಲ್ಲಿಯವರೆಗೆ ಎಷ್ಟು ಕೊಟ್ಟಿದ್ದೀರಿ ಅಂತ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ. ಕೈಗೆ ಕೊಡುವ ಬದಲು ಫೋನ್‌ಪೇಯಲ್ಲಿ ಹಾಕಿ. ಅಸಲಿನಷ್ಟು ಬಡ್ಡಿ ಆಗಲೇ ಹೋಗಿದೆ ಅಂತ ಹಾಳೆಯಲ್ಲಿ ಕಂಡರೆ ಹಿರಿಯರನ್ನು ಕೂರಿಸಿಕೊಂಡು ಮಾತಾಡುವ ಧೈರ್ಯ ಬರುತ್ತದೆ.

ಇನ್ನು ಖರ್ಚಿನ ಕಡೆ. ಔಷಧಿ ಬಿಡಬೇಡಿ ಅಂದೆ. ಔಷಧಿಗೆ ದುಡ್ಡು ಕೊಡಲೇಬೇಕು ಅಂತ ಹೇಳಲಿಲ್ಲ. ಗೃಹ ಆರೋಗ್ಯ ಯೋಜನೆ 2024ರಲ್ಲಿ ಶುರುವಾಗಿದ್ದೇ ನಮ್ಮ ಕೋಲಾರ ಜಿಲ್ಲೆಯಲ್ಲಿ. ಆರೋಗ್ಯ ಸಿಬ್ಬಂದಿ ಮನೆಗೆ ಬಂದು ಶುಗರ್, ಬಿಪಿ ನೋಡುತ್ತಾರೆ, ಮಾತ್ರೆ ಉಚಿತ. ಸುಮ್ನೆ "ಸರ್ಕಾರಿ ಮಾತ್ರೆ ಹಿಡಿಸಲ್ಲ" ಅನ್ನಬೇಡಿ. ಡಾಕ್ಟರ್ ಹತ್ತಿರ ಚೀಟಿ ತೋರಿಸಿ, ಇದರ ಬದಲು ಅದು ಆಗುತ್ತಾ ಕೇಳಿ. ಅಲ್ಲಿ ಸಿಗದಿರುವುದಕ್ಕೆ ಜನೌಷಧಿ ಅಂಗಡಿ. ಬ್ರಾಂಡಿನ ಹೆಸರಿನ ಬದಲು ಔಷಧಿಯ ಹೆಸರು ಬರೆದುಕೊಡಿ ಅಂತ ಡಾಕ್ಟರನ್ನು ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಡಯಾಲಿಸಿಸ್‌ಗೆ ಖಾಸಗಿಯಲ್ಲಿ ದುಡ್ಡು ಸುರಿಯುತ್ತಿದ್ದರೆ ಮೊದಲು ಜಿಲ್ಲಾಸ್ಪತ್ರೆ, ಅಂದರೆ ನಮ್ಮ ಎಸ್‌ಎನ್‌ಆರ್ ಆಸ್ಪತ್ರೆಯಲ್ಲೋ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೋ ಹೆಸರು ಬರೆಸಿ. ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2016ರಿಂದ ಇದೆ. ಸರದಿ ಇರಬಹುದು. ಸರದಿ ಇದೆ ಅಂತ ಹೆಸರು ಬರೆಸದೇ ಬಂದುಬಿಟ್ಟರೆ ಸರದಿ ಯಾವತ್ತೂ ಬರುವುದಿಲ್ಲ.

ಆಪರೇಷನ್, ದೊಡ್ಡ ಚಿಕಿತ್ಸೆ ಅಂದಾಗ ನಮ್ಮ ಕಡೆಯವರು ಏನು ಮಾಡುತ್ತಾರೆ? ರಾತ್ರೋರಾತ್ರಿ ಬೆಂಗಳೂರಿನ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ವಾನ್ಸ್ ಕಟ್ಟುತ್ತಾರೆ, ಆಮೇಲೆ ಕಾರ್ಡು ತೆಗೆಯುತ್ತಾರೆ. ಉಲ್ಟಾ ಮಾಡಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಆ ಒಂದು ಚೀಟಿ ಇಲ್ಲದೆ ಲಕ್ಷಗಟ್ಟಲೆ ಸಾಲ ಮಾಡಿದ ಮನೆಗಳಿವೆ. ಡೇರಿಗೋ ಸೊಸೈಟಿಗೋ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ಅದಕ್ಕೆ ಕಾಯಿಲೆ ಬಂದ ಮೇಲೆ ಓಡಿದರೆ ಆಗುವುದಿಲ್ಲ, ನೋಂದಣಿಯ ಕಾಲದಲ್ಲೇ ಸೇರಬೇಕು. ಡೇರಿ ಕಾರ್ಯದರ್ಶಿಯನ್ನು ಕೇಳುತ್ತಾ ಇರಿ.

ಈಗ ಪತ್ರ. ಇದಕ್ಕೆ ಜಾಸ್ತಿ ಹೊತ್ತು ತಗೊಳ್ಳುತ್ತೇನೆ, ಯಾಕೆಂದರೆ ಯಾರೂ ಇದನ್ನು ಮಾಡುವುದಿಲ್ಲ. ಮೂರು ಕಂತು ತಪ್ಪಿದ ಮೇಲೆ ಬಂದು ಕಾಯಿಲೆ ಅಂದರೆ ಮ್ಯಾನೇಜರ್ ಅದನ್ನು ನೆಪ ಅಂದುಕೊಳ್ಳುತ್ತಾನೆ. ಕಂತು ತಪ್ಪುವ ಮೊದಲೇ ಪತ್ರ ಕೊಟ್ಟರೆ ಅದು ಫೈಲಿಗೆ ಹೋಗುತ್ತದೆ. ಮನೆಯಂಥದ್ದನ್ನು ಅಡವಿಟ್ಟ ಸಾಲವಾದರೆ 90 ದಿನ ಬಾಕಿಯಾದ ಮೇಲೆ ಬ್ಯಾಂಕು ಖಾತೆಯನ್ನು ಎನ್‌ಪಿಎ, ಅಂದರೆ ವಸೂಲಾಗದೆ ನಿಂತ ಸಾಲ, ಅನ್ನುತ್ತದೆ, ಆಮೇಲೆ 60 ದಿನದ ನೋಟಿಸು. ಅಷ್ಟರೊಳಗೆ ನಿಮ್ಮ ಪತ್ರ ಅಲ್ಲಿರಬೇಕು. ಹೀಗೆ ಬರೆಯಿರಿ:

"ಮಾನ್ಯರೇ, ನನ್ನ ಸಾಲದ ಖಾತೆ ಸಂಖ್ಯೆ ಇಂಥದ್ದು. ನನ್ನ ಗಂಡನಿಗೆ ಇಂಥ ತಿಂಗಳಿಂದ ಕಿಡ್ನಿ ಕಾಯಿಲೆ ಇದ್ದು ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆಯುತ್ತಿದೆ. ದುಡಿಮೆ ನಿಂತಿದೆ. ನಮ್ಮ ಮನೆಯ ತಿಂಗಳ ಆದಾಯ, ಖರ್ಚಿನ ಲೆಕ್ಕ ಇದರ ಜೊತೆ ಇದೆ. ಈಗಿನ ಕಂತು ಕಟ್ಟಲು ಆಗುತ್ತಿಲ್ಲ. ತಿಂಗಳಿಗೆ ಇಷ್ಟು ಕಟ್ಟಬಲ್ಲೆ. ಸಾಲದ ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಬೇಕು, ದಂಡದ ಬಡ್ಡಿ ಬಿಡಬೇಕು ಎಂದು ಕೇಳಿಕೊಳ್ಳುತ್ತೇನೆ. ಉತ್ತರವನ್ನು ಬರಹದಲ್ಲಿ ಕೊಡಿ."

ಇಷ್ಟೇ. ಜೊತೆಗೆ ಡಾಕ್ಟರ ಒಂದು ಪುಟದ ಪತ್ರ. ಆಸ್ಪತ್ರೆಯ ಫೈಲೆಲ್ಲ ಕೊಡಬೇಕಿಲ್ಲ, ಅದು ನಿಮ್ಮ ಖಾಸಗಿ ವಿಷಯ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ: ಕೊನೆಯ ಕಂತು ಕಟ್ಟಿ ಮೂರು ವರ್ಷಕ್ಕಿಂತ ಜಾಸ್ತಿ ಆದ ಹಳೇ ಸಾಲವಾದರೆ ವಕೀಲರನ್ನು ಕೇಳದೆ ಯಾವ ಪತ್ರಕ್ಕೂ ಸಹಿ ಹಾಕಬೇಡಿ. ಸಾಲ ಕೊಟ್ಟವರು ಕೋರ್ಟಿಗೆ ಹೋಗಲು ಇರುವ ಕಾಲಮಿತಿಯ ಲೆಕ್ಕ ಬೇರೆ ಇದೆ.

ಒಂದು ತಿಂಗಳಾದರೂ ಉತ್ತರ ಬರಲಿಲ್ಲ, ಇಲ್ಲ ಬಂದ ಉತ್ತರ ಸರಿಯಿಲ್ಲ ಅಂದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ ದೂರು ಕೊಡಬಹುದು. ಶುಲ್ಕ ಇಲ್ಲ. ಹೇಗೆ ಕೊಡಬೇಕು ಅಂತ ಕೇಳಲು 14448ಕ್ಕೆ ಫೋನ್ ಮಾಡಿ.

ವಸೂಲಿಗೆ ಬರುವವರ ವಿಷಯ. ಮೈಕ್ರೋಫೈನಾನ್ಸಿನವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡುವ ಹಾಗಿಲ್ಲ. ಕಂತು ಕಟ್ಟುವ ಜಾಗ ಇಬ್ಬರೂ ಒಪ್ಪಿದ್ದಾಗಿರಬೇಕು. ಆ ಜಾಗಕ್ಕೆ ನೀವು ಸತತ ಎರಡು ಸಲ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಬೈಯುವುದು, ನೆಂಟರಿಗೆ ಫೋನ್ ಮಾಡುವುದು, ಹೆಸರು ಹೊರಗೆ ಹಾಕುವುದು ತಪ್ಪು. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸುಗ್ರೀವಾಜ್ಞೆ ತಂದು ಆಮೇಲೆ ಕಾಯ್ದೆಯನ್ನೂ ಮಾಡಿತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸರ್ಕಾರಿ ಸವಲತ್ತಿಗೆ ಬೇಕಾದ ಕಾಗದ, ಅಂದರೆ ರೇಷನ್ ಕಾರ್ಡಿನಂಥದ್ದನ್ನು ಕಿತ್ತುಕೊಳ್ಳುವುದೂ ಅದರಲ್ಲಿ ಅಪರಾಧ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಗಳು ಈ ಕಾಯ್ದೆಯಿಂದ ಹೊರಗೆ ಅನ್ನುವುದು ನೆನಪಿರಲಿ. ಅವರಿಗೆ ಮೊದಲು ಹೇಳಿದ ರಿಸರ್ವ್ ಬ್ಯಾಂಕಿನ ನಿಯಮಗಳೇ ಲಗಾಮು. ಹಾಗಾಗಿ ಬಂದವರ ಗುರುತಿನ ಕಾರ್ಡು ಕೇಳಿ, ಯಾವ ಕಂಪನಿ ಅಂತ ಬರೆದುಕೊಳ್ಳಿ.

"ಪೊಲೀಸ್ ಹಿಡಿದುಕೊಂಡು ಹೋಗ್ತಾರೆ" ಅನ್ನುವ ಭಯ ಎಲ್ಲರಿಗೂ ಇದೆ. ಸಾಲ ಕಟ್ಟಲು ಆಗದಿರುವುದು ಅಪರಾಧ ಅಲ್ಲ. ಸಾಲ ಕೊಟ್ಟವರು ಸಿವಿಲ್ ಕೋರ್ಟಿಗೆ ಹೋಗಬಹುದು, ಡಿಕ್ರಿ, ಅಂದರೆ ದುಡ್ಡು ಕಟ್ಟಬೇಕು ಅನ್ನುವ ಕೋರ್ಟಿನ ಆದೇಶ, ತರಬಹುದು. ಡಿಕ್ರಿ ಬಂದರೂ ಹಣದ ಸಾಲಕ್ಕೆ ಹೆಂಗಸರನ್ನು ಬಂಧಿಸುವ ಹಾಗಿಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂ. ತೀವ್ರ ಕಾಯಿಲೆ ಇದ್ದರೆ ವಾರೆಂಟ್ ಹೊರಟ ಮೇಲೂ ಕೋರ್ಟು ಅದನ್ನು ರದ್ದು ಮಾಡಬಹುದು, 59ನೇ ಕಲಂ. ನಿಜವಾಗಿ ಕೈಲಾಗದವರನ್ನು ಸಾಲಕ್ಕಾಗಿ ಜೈಲಿಗೆ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಜಸ್ಟಿಸ್ ಕೃಷ್ಣ ಅಯ್ಯರ್ ಅವರ ತೀರ್ಪು ಅದು. ಜಪ್ತಿಯಲ್ಲೂ ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆ, ಕಸುಬಿನ ಸಲಕರಣೆ ಮುಟ್ಟುವ ಹಾಗಿಲ್ಲ. ತಾಳಿಯಂಥ ಒಡವೆಯನ್ನೂ ಮುಟ್ಟುವ ಹಾಗಿಲ್ಲ. ರೈತ, ಕೂಲಿಯವರು ವಾಸ ಇರುವ ಸ್ವಂತ ಮನೆಗೂ ರಕ್ಷಣೆ ಇದೆ. ಅಡವಿಟ್ಟ ಮನೆಯ ಮಾತು ಬೇರೆ.

ಅಪ್ಪನ ಸಾಲ ಮಗನ ತಲೆಗೆ ಅನ್ನುತ್ತಾರೆ. ಮಗ ಸಹಿ ಹಾಕಿಲ್ಲ, ಜಾಮೀನು ನಿಂತಿಲ್ಲ ಅಂದರೆ ಅಪ್ಪನಿಂದ ಬಂದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ. ಅದಕ್ಕೇ ಈಗ "ಮಗನ ಒಂದು ಸಹಿ ಹಾಕಿಸಿ, ಕಂತು ಇಳಿಸ್ತೀವಿ" ಅಂದರೆ ಹುಷಾರು. ಹಳೇ ಸಾಲ ತೀರಿಸಲು ಮೊಬೈಲ್ ಆ್ಯಪಿನಲ್ಲಿ ಸಾಲ ತೆಗೆಯುವುದಂತೂ ಬೇಡವೇ ಬೇಡ. ಗಾಬರಿಯಲ್ಲಿ ಜಮೀನು ಮಾರುವುದೂ ಬೇಡ. ಟೊಮೆಟೊ ಬೆಲೆ ಬಿದ್ದ ವರ್ಷ ಜಮೀನಿನ ಗಿರಾಕಿ ಯಾವ ಬೆಲೆಗೆ ಬರುತ್ತಾನೆ ಅಂತ ನಿಮಗೇ ಗೊತ್ತಲ್ಲ.

ಕಾಯಿಲೆಯವರು ಎಷ್ಟೋ ಸಲ "ನಾನಿಲ್ಲದಿದ್ದರೆ ಇವರಿಗೆ ಸಾಲ ತಪ್ಪುತ್ತಿತ್ತು" ಅನ್ನುತ್ತಾರೆ. ಮನೆಯವರು ಅದನ್ನು ಕೇಳಿಸಿಕೊಂಡು ಸುಮ್ಮನಾಗಬೇಡಿ. ಆಸ್ಪತ್ರೆಯಲ್ಲಿ ಹೇಳಿ. 14416 ಅಂತ ಟೆಲಿಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ ಇದೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಸಾಲದ ವಿಷಯವನ್ನೂ ಹೇಳಿಕೊಳ್ಳಬಹುದು.

ಮುಳಬಾಗಿಲಿನಿಂದ ಬಂದ ಒಬ್ಬರು ಲೋಕ ಅದಾಲತ್, ಅಂದರೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಅದಾಲತ್ ಬಗ್ಗೆ ಕೇಳಿದರು. ಒಳ್ಳೆಯ ದಾರಿ. ಕೋರ್ಟ್ ಶುಲ್ಕ ಇಲ್ಲ. ಕೇಸ್ ಆಗುವ ಮುಂಚೆಯೂ ಹೋಗಬಹುದು. ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಫೋನ್ 15100. ಆದರೆ ಅಲ್ಲಿ ಒಮ್ಮೆ ಒಪ್ಪಿ ಸಹಿ ಹಾಕಿದರೆ ಅಪೀಲು ಇಲ್ಲ. "ಹತ್ತು ಸಾವಿರ ಕಮ್ಮಿ ಮಾಡ್ತೀವಿ, ಮುಂದಿನ ತಿಂಗಳೇ ಎಲ್ಲ ಕಟ್ಟಿ" ಅಂದರೆ ಖುಷಿಯಲ್ಲಿ ತಲೆ ಆಡಿಸಬೇಡಿ. ಕಟ್ಟಲು ಆಗುವ ಕಂತಿಗೆ ಮಾತ್ರ ಒಪ್ಪಿ. ಒಪ್ಪಲೇಬೇಕು ಅಂತ ಬಲವಂತ ಮಾಡುವ ಹಾಗಿಲ್ಲ. ಸೆಟಲ್‌ಮೆಂಟ್ ಆದರೆ ಬಾಕಿ ಇಲ್ಲ ಅನ್ನುವ ಪತ್ರ ತಗೊಳ್ಳದೆ ಎದ್ದು ಬರಬೇಡಿ.

ಕೊನೆಯದಾಗಿ ಅಲ್ಲಿ ಕೂತಿರುವ ಅಣ್ಣ ಕೇಳಿದ್ದು: ಸಾಲ ತಗೊಳ್ಳುವಾಗ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟಿದ್ದೇನೆ, ಏನಾಗುತ್ತದೆ? ಇದು ಮಾತ್ರ ಬೇರೆ ಥರದ್ದು. ಚೆಕ್ ಬೌನ್ಸ್ ಕ್ರಿಮಿನಲ್ ಕೇಸು. ಎರಡು ವರ್ಷದವರೆಗೆ ಜೈಲು ಇದೆ. ಮೊತ್ತ ಬರೆದದ್ದು ನಾನಲ್ಲ ಅಂದರೆ ಸಾಲದು, ಸಹಿ ನಿಮ್ಮದೇ ಅಂದ ಮೇಲೆ ಸಾಲ ಇಲ್ಲ ಅಥವಾ ಅಷ್ಟಿಲ್ಲ ಅಂತ ತೋರಿಸುವ ಹೊಣೆ ನಿಮ್ಮ ಮೇಲೆ ಬರುತ್ತದೆ. ಬೌನ್ಸ್ ಆದ ಮೇಲೆ ಅವರು ನೋಟಿಸ್ ಕಳಿಸಬೇಕು, ಅದು ಕೈಸೇರಿದ ಮೇಲೆ ದುಡ್ಡು ಕಟ್ಟಲು ನಿಮಗೆ 15 ದಿನ. ಪೋಸ್ಟ್‌ಮ್ಯಾನ್ ತಂದಿದ್ದನ್ನು ವಾಪಸ್ ಕಳಿಸಿದರೆ ತಪ್ಪಿಸಿಕೊಂಡ ಹಾಗೆ ಆಗುವುದಿಲ್ಲ. ನೋಟಿಸು ತಗೊಳ್ಳಿ, ಎಷ್ಟು ಕೊಟ್ಟಿದ್ದೀರಿ ಅನ್ನುವ ಲೆಕ್ಕ, ಡಾಕ್ಟರ ಪತ್ರ ಹಿಡಿದು ಆ 15 ದಿನದೊಳಗೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಉತ್ತರ ಕೊಡಿಸಿ. ಇಲ್ಲಿ ಯಾರಿಗಾದರೂ ಅಂಥ ನೋಟಿಸು ಬಂದು ಮನೆಯಲ್ಲಿ ಇದ್ದರೆ ಟೀ ಕುಡಿಯುವ ಮೊದಲೇ ನನ್ನ ಹತ್ತಿರ ಬನ್ನಿ, ತಾರೀಖು ನೋಡೋಣ.